ಜೇಕು ಗುರುತಿಸೋಣ, ಬನ್ನಿ

ಮಕ್ಕಳೇ, ನೆಲದಿಂದ ತೆಳ್ಳಗೆ, ಹಸಿರಾಗಿ ಎದ್ದು ನಿಂತದ್ದನ್ನೆಲ್ಲ ನಾವು ಹುಲ್ಲು ಅಂತ ಕರೆದುಬಿಡುತ್ತೇವೆ. ದನ ಮೇಯುವುದೂ ಹುಲ್ಲು, ಪಾರ್ಕಿನಲ್ಲಿ ನಾವು ಕೂರುವುದೂ ಹುಲ್ಲು, ಚಾಪೆ ಹೆಣೆಯುವುದೂ ಹುಲ್ಲು. ಆದರೆ ರಜೆಗೆ ಊರಿಗೆ ಹೋದಾಗ, ಹೊಲದಲ್ಲಿ ಕಳೆ ಕಿತ್ತು ಕೈ ಒರಟಾದ ಅಜ್ಜಿ ಯಾರಾದರೂ ಸಿಕ್ಕರೆ ಕೇಳಿ ನೋಡಿ. "ಅದು ಹುಲ್ಲಲ್ಲ ಮಗಾ, ಜೇಕು" ಅಂತಾರೆ. ಪುಸ್ತಕ ಓದದೆ, ಬರೀ ಕೈಯಿಂದ ಅವರಿಗೆ ವ್ಯತ್ಯಾಸ ಗೊತ್ತು. ಈ ಪಾಠದಲ್ಲಿ ನಾವೂ ಅದನ್ನೇ ಕಲಿಯೋಣ. ಕಲಿತು, ಸೌದಿಯಲ್ಲಿ ನೀರಿರುವ ಕೆಲವೇ ಜಾಗಗಳಲ್ಲಿ ಕಾಣುವ ಒಂದು ಜೇಕನ್ನು ಹುಡುಕಿಕೊಂಡು ಹೋಗೋಣ.

ಜೇಕು ಅನ್ನುವುದು ಒಂದೇ ಗಿಡದ ಹೆಸರಲ್ಲ, ದೊಡ್ಡ ಕುಟುಂಬದ ಹೆಸರು ಅಂತ ಇಟ್ಟುಕೊಳ್ಳಿ. ಸಸ್ಯವಿಜ್ಞಾನಿಗಳು ಇದನ್ನು ಸೈಪರೇಸಿ ಅನ್ನುತ್ತಾರೆ. ಪ್ರಪಂಚದಲ್ಲಿ ಇದರ ಸುಮಾರು 5,500 ಜಾತಿಗಳಿವೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಕೊನ್ನಾರಿ. ತುಂಗೆ ಗಡ್ಡೆ, ಭದ್ರಮುಷ್ಟಿ ಅಂತಲೂ ಹೇಳುತ್ತಾರೆ, ಒಂದೊಂದು ಊರಿಗೆ ಒಂದೊಂದು ಹೆಸರು. ಮಣ್ಣೊಳಗೆ ಮಣಿಸರದ ಹಾಗೆ ಗಡ್ಡೆ ಪೋಣಿಸಿಕೊಂಡು ಹೋಗುತ್ತದೆ, ಪರಿಮಳ ಚೆನ್ನಾಗಿದೆ, ಆಯುರ್ವೇದದಲ್ಲಿ ಔಷಧಿ. ಆದರೆ ರೈತರ ಪಾಲಿಗೆ ಶತ್ರು. ಎಷ್ಟು ಕಿತ್ತರೂ ಒಂದು ಗಡ್ಡೆ ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ಪ್ರಪಂಚದ ಅತಿ ಕೆಟ್ಟ ಕಳೆಗಳ ಪಟ್ಟಿ ಮಾಡಿದಾಗ ಇದನ್ನು ಮೊದಲ ಸಾಲಿನಲ್ಲೇ ಇಟ್ಟಿದ್ದಾರೆ. ಅರಬ್ಬಿಯಲ್ಲಿ ಇದು 'ಸುಅದ್'. ಇದರ ತಮ್ಮನಂಥ ಇನ್ನೊಂದು ಜೇಕಿನ ಸಿಹಿ ಗಡ್ಡೆಯನ್ನು ಇಲ್ಲಿ ಒಣಹಣ್ಣು, ಬೀಜ ಮಾರುವ ಅಂಗಡಿಗಳಲ್ಲಿ 'ಹಬ್ ಅಲ್ ಅಜೀಜ್' ಅಂತ ಮಾರುತ್ತಾರೆ. ಕಡಲೆಕಾಳಿನಷ್ಟು ಗಾತ್ರ, ಸುಕ್ಕು ಸುಕ್ಕು, ಅಗಿದರೆ ಕೊಬ್ಬರಿಯ ರುಚಿ. ಮುಂದಿನ ಸಲ ಅಪ್ಪನ ಜೊತೆ ಹೋದಾಗ ಕೇಳಿ ನೋಡಿ.

ಬೆರಳಿನ ಪರೀಕ್ಷೆ

ಮೊದಲ ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ನಿಮ್ಮ ಕಾಂಪೌಂಡಿನ ಅಥವಾ ಕಾರ್ನಿಶ್‌ನ ಹುಲ್ಲುಹಾಸಿನಲ್ಲಿ ಉಳಿದ ಹುಲ್ಲಿಗಿಂತ ಸ್ವಲ್ಪ ಎತ್ತರಕ್ಕೆ, ಹೊಳಪಾಗಿ ತಲೆ ಎತ್ತಿರುವ ಎಳೆ ಇದ್ದರೆ ಅದು ಹೆಚ್ಚಾಗಿ ಕೊನ್ನಾರಿಯೇ. ಹೂ ಬಿಟ್ಟ ದಂಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉರುಳಿಸಿ. ಹುಲ್ಲಿನ ದಂಟಾದರೆ ಪೆನ್ಸಿಲ್ ಲೀಡಿನ ಹಾಗೆ ಸರಾಗವಾಗಿ ಉರುಳುತ್ತದೆ. ಜೇಕಾದರೆ ತಡೆದು ತಡೆದು ಉರುಳುತ್ತದೆ, ಯಾಕೆಂದರೆ ಅದಕ್ಕೆ ಮೂರು ಮೂಲೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಸಮೋಸಾದ ಆಕಾರ. ಒಳಗೆ ಟೊಳ್ಳಿಲ್ಲ, ಬೆಳ್ಳಗಿನ ಮೆತ್ತನೆ ತಿರುಳು ತುಂಬಿರುತ್ತದೆ.

ಇನ್ನು ಗಿಣ್ಣು. ಕಬ್ಬು, ಬಿದಿರು, ಭತ್ತ, ರಾಗಿ ಎಲ್ಲವೂ ಹುಲ್ಲಿನ ಕುಟುಂಬ. ಕಬ್ಬಿನ ಗಿಣ್ಣು ನಿಮಗೆ ಗೊತ್ತಲ್ಲ, ಅದೇ ಉಬ್ಬು ಸಣ್ಣ ಗಾತ್ರದಲ್ಲಿ ಎಲ್ಲ ಹುಲ್ಲಿನ ದಂಟಿನಲ್ಲೂ ಇರುತ್ತದೆ. ಜೇಕಿನ ಹೂದಂಟು ಬುಡದಿಂದ ತಲೆಯವರೆಗೆ ಸಾಮಾನ್ಯವಾಗಿ ಗಿಣ್ಣಿಲ್ಲದೆ ನೆಟ್ಟಗೆ ಹೋಗುತ್ತದೆ.

ಎಲೆಯನ್ನು ಮೇಲಿಂದ ಕೆಳಕ್ಕೆ ನೋಡಿ. ಹುಲ್ಲಿನ ಎಲೆಗಳು ಎರಡು ಸಾಲಿನಲ್ಲಿ, ಆ ಕಡೆ ಒಂದು ಈ ಕಡೆ ಒಂದು. ಜೇಕಿನ ಎಲೆಗಳು ಮೂರು ದಿಕ್ಕಿಗೆ, ಫ್ಯಾನಿನ ರೆಕ್ಕೆಗಳ ಹಾಗೆ. ಎಲೆಯ ಬುಡ ದಂಟನ್ನು ಸುತ್ತಿಕೊಂಡಿರುವ ರೀತಿಯೂ ಬೇರೆ. ಹುಲ್ಲಿನದು ಪಂಚೆ ಸುತ್ತಿದ ಹಾಗೆ, ಒಂದು ಅಂಚು ಇನ್ನೊಂದರ ಮೇಲೆ ಬಂದಿರುತ್ತದೆ, ಉಗುರಿನಿಂದ ಬಿಡಿಸಬಹುದು. ಜೇಕಿನದು ಅಂಗಿಯ ತೋಳಿನ ಹಾಗೆ, ಸುತ್ತಲೂ ಹೊಲಿದು ಮುಚ್ಚಿದಂತೆ. ಬಿಡಿಸಲು ಹೋದರೆ ಹರಿಯುತ್ತದೆ.

ಇಷ್ಟು ಸಾಕು ಅಂತ ನಿಮಗೆ ಅನ್ನಿಸಬಹುದು. ಬಹಳ ಕಡೆ ಪಾಠ ಇಲ್ಲಿಗೇ ನಿಲ್ಲುತ್ತದೆ. ಆದರೆ ನಾವು ಹುಡುಕಿಕೊಂಡು ಹೋಗುವ ಜೇಕು ಮೂರು ಮೂಲೆಯ ನಿಯಮಕ್ಕೆ ಸುಲಭವಾಗಿ ಸಿಕ್ಕುವಂಥದ್ದಲ್ಲ. ಅದಕ್ಕೇ ಅದನ್ನು ಆರಿಸಿಕೊಂಡಿದ್ದೇನೆ.

ನಾವು ಹುಡುಕುವ ಗಿಡ

ಇದರ ಸಸ್ಯನಾಮ ಸೈಪೆರಸ್ ಲೀವಿಗೇಟಸ್. ಲ್ಯಾಟಿನ್‌ನಲ್ಲಿ ಲೀವಿಗೇಟಸ್ ಅಂದರೆ ನುಣುಪಾದದ್ದು. ನಮ್ಮ ಪಾಠದ ಮಟ್ಟಿಗೆ ನುಣುಪು ಜೇಕು ಅಂತ ಕರೆಯೋಣ. ಅಂಗೈಯಗಲದಿಂದ ಹಿಡಿದು ಮೊಣಕಾಲೆತ್ತರದವರೆಗೆ ಬೆಳೆಯುತ್ತದೆ. ಮಣ್ಣಿನಡಿ ಒಂದು ಬೇರುಕಾಂಡ ಅಡ್ಡಕ್ಕೆ ತೆವಳಿಕೊಂಡು ಹೋಗುತ್ತಾ ಸಾಲಾಗಿ ದಂಟುಗಳನ್ನು ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಒಂದು ಗಿಡ ಅಂತ ಕಾಣುವುದಿಲ್ಲ, ಬಾಚಣಿಗೆಯ ಹಲ್ಲುಗಳ ಹಾಗೆ, ಆಮೇಲೆ ಹಸಿರು ಚಾಪೆಯ ಹಾಗೆ ಕಾಣುತ್ತದೆ. ಎಲೆ ಎಲ್ಲಿ ಅಂತ ಹುಡುಕಿದರೆ ಸಿಗುವುದೇ ಕಷ್ಟ. ಬುಡದಲ್ಲಿ ಕಂದು ಬಣ್ಣದ ಹೊದಿಕೆ, ಅದರ ತುದಿಗೆ ಕೆಲವೊಮ್ಮೆ ಚಿಕ್ಕದೊಂದು ಎಲೆ, ಅಷ್ಟೆ. ಎಲೆಯ ಕೆಲಸವನ್ನೆಲ್ಲ ಹಸಿರು ದಂಟೇ ಮಾಡುತ್ತದೆ. ದಂಟು ಹೆಚ್ಚುಕಡಿಮೆ ಗುಂಡಗೆ. ಹೂವಿನ ಹತ್ತಿರ ಬಂದಾಗ ಮಾತ್ರ ಬೆರಳಿಗೆ ಮೂಲೆ ಸ್ವಲ್ಪ ತಗುಲುತ್ತದೆ.

ಹೂವಿನ ಗೊಂಚಲು ನೋಡಿದರೆ ಇನ್ನೊಂದು ತಮಾಷೆ. ಅದು ದಂಟಿನ ತುದಿಯಲ್ಲಿ ಇಲ್ಲ, ತುದಿಗಿಂತ ಸ್ವಲ್ಪ ಕೆಳಗೆ, ಪಕ್ಕಕ್ಕೆ ಅಂಟಿಸಿದ ಹಾಗಿದೆ. ಅದರ ಮೇಲೆ ನೆಟ್ಟಗೆ ನಿಂತಿರುವುದು ನಿಜಕ್ಕೂ ದಂಟಲ್ಲ. ಅದು ಹೂವಿನ ಕೆಳಗಿನ ಒಂದು ಎಲೆ, ದಂಟೇ ಮುಂದುವರಿದಿದೆಯೇನೋ ಅನ್ನುವ ಹಾಗೆ ವೇಷ ಹಾಕಿ ನಿಂತಿದೆ. ಗೊಂಚಲಿನಲ್ಲಿ ಅಕ್ಕಿಕಾಳಿನ ಆಕಾರದ ಪುಟ್ಟ ತೆನೆಗಳು, ತೊಟ್ಟಿಲ್ಲದೆ ಒತ್ತೊತ್ತಾಗಿ ಕೂತಿರುತ್ತವೆ. ಬಣ್ಣ ಬಿಳಿಚು ಹಸಿರಿನಿಂದ ಕೆಂಗಂದು. ಪ್ರತಿ ತೆನೆಯಲ್ಲೂ ಪೊರೆಗಳು ಎರಡು ಸಾಲಾಗಿ, ಜಡೆ ಹೆಣೆದ ಹಾಗೆ ಒಂದರ ಮೇಲೊಂದು.

ಈಗ ಇದರ ಜೋಡಿ ವೇಷಗಾರನನ್ನು ನೋಡಿ. ಅಲ್ ಅಹ್ಸಾದಲ್ಲಿ 'ಅಸಲ್' ಅನ್ನುವ ಗಿಡವಿದೆ, ಸಸ್ಯನಾಮ ಜುಂಕಸ್. ಅದು ಹುಲ್ಲೂ ಅಲ್ಲ, ಜೇಕೂ ಅಲ್ಲ, ಮೂರನೆಯ ಕುಟುಂಬ. ಅದಕ್ಕೂ ಎಲೆ ಕಾಣುವುದಿಲ್ಲ, ಅದರ ಹೂವೂ ಪಕ್ಕಕ್ಕೆ ಅಂಟಿಸಿದ ಹಾಗೇ ಇರುತ್ತದೆ, ಅದೂ ಉಪ್ಪಿನ ತೇವದಲ್ಲೇ ಬೆಳೆಯುತ್ತದೆ. ಫೋಟೋದಲ್ಲಿ ನೋಡಿದರೆ ದೊಡ್ಡವರೂ ಗೊಂದಲ ಮಾಡಿಕೊಳ್ಳುತ್ತಾರೆ. ಬೇರೆ ಮಾಡುವುದು ಹೀಗೆ. ಅಸಲ್ ಗಟ್ಟಿ, ಬಿರುಸು, ತುದಿ ಸೂಜಿಯ ಹಾಗೆ ಚುಚ್ಚುತ್ತದೆ, ನಿಮ್ಮ ಸೊಂಟಕ್ಕಿಂತ ಎತ್ತರ ಬೆಳೆಯಬಲ್ಲದು. ನುಣುಪು ಜೇಕು ಮೆದು, ಒತ್ತಿದರೆ ತಗ್ಗುತ್ತದೆ. ಅಸಲ್‌ನ ಹೂಗೊಂಚಲು ಕವಲು ಕವಲಾಗಿ ಹರಡಿರುತ್ತದೆ. ಭೂತಗನ್ನಡಿ ಹಿಡಿದರೆ ಒಂದೊಂದು ಹೂವಿನಲ್ಲೂ ಆರು ಪುಟಾಣಿ ದಳಗಳು, ಹಣ್ಣಾದ ಮೇಲೆ ಬಿರಿಯುವ ಒಂದು ಚಿಕ್ಕ ಡಬ್ಬಿ, ಅದರೊಳಗೆ ದೂಳಿನಂಥ ಹಲವು ಬೀಜಗಳು. ಜೇಕಿಗೆ ದಳವೂ ಇಲ್ಲ, ಡಬ್ಬಿಯೂ ಇಲ್ಲ. ಪೊರೆಗೊಂದು ಕಾಯಿ, ಕಾಯಿಗೊಂದೇ ಬೀಜ. ನುಣುಪು ಜೇಕಿನ ಕಾಯಿ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು, ಸೀಳಿದ ಬೇಳೆಯ ಹಾಗೆ. ಮೂಲೆ ಎಣಿಸುವುದಕ್ಕಿಂತ ಕಾಯಿ ನೋಡುವುದು ಹೆಚ್ಚು ನಂಬಿಕೆಯದು ಅನ್ನುವುದು ನನ್ನ ಅಭಿಪ್ರಾಯ.

ಅಸಲ್‌ನಿಂದ ಅಲ್ ಅಹ್ಸಾದ ಕುಶಲಕರ್ಮಿಗಳು ಚಾಪೆ ಹೆಣೆಯುತ್ತಿದ್ದರು, ಈಗಲೂ ಪಾರಂಪರಿಕ ಕಸುಬಿನ ಮೇಳಗಳಲ್ಲಿ ಹೆಣೆದು ತೋರಿಸುತ್ತಾರೆ. ನಮ್ಮ ಪಕ್ಕದ ತಮಿಳುನಾಡಿನ ಪತ್ತಮಡೈಯಲ್ಲಿ ರೇಷ್ಮೆಯಷ್ಟು ನುಣುಪಾದ ಚಾಪೆ ಮಾಡುವುದು ಕೋರೈ ಅನ್ನುವ ಜೇಕಿನಿಂದ. ಕುಟುಂಬ ಬೇರೆ, ಕೆಲಸ ಒಂದೇ.

ಅದು ಎಲ್ಲಿರುತ್ತದೆ?

ದಮ್ಮಾಮ್‌ನಿಂದ ಹುಫೂಫ್‌ಗೆ ಸುಮಾರು 150 ಕಿಲೋಮೀಟರ್. ನಮ್ಮಲ್ಲಿ ಬಹಳ ಕುಟುಂಬಗಳು ಖರ್ಜೂರದ ತೋಟ, ಅಲ್ ಖಾರಾ ಬೆಟ್ಟದ ಗುಹೆ ನೋಡಲು ಹೋಗಿ ಬಂದಿರುತ್ತೀರಿ. 25 ಲಕ್ಷ ಖರ್ಜೂರದ ಮರಗಳಿರುವ ಈ ಓಯಸಿಸ್ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಹ್ಸಾ ಎಂಬ ಹೆಸರೇ ನೀರಿನದು. ಮೇಲೆ ಮರಳು, ಅಡಿಯಲ್ಲಿ ಗಟ್ಟಿ ಪದರ, ನಡುವೆ ನಿಂತ ನೀರು, ಕೈಯಿಂದ ತೋಡಿದರೆ ಸಿಗುತ್ತದೆ. ಅಂಥ ಜಾಗಕ್ಕೆ ಅರಬ್ಬಿಯಲ್ಲಿ 'ಹಿಸಿ', ಅದರ ಬಹುವಚನ ಅಹ್ಸಾ. ತುಮಕೂರಿನ ಕಡೆಯ ತಂದೆತಾಯಿಗಳಿಗೆ ತಲಪರಿಗೆ ನೆನಪಾಗಬಹುದು, ಅಲ್ಲಿಯೂ ಮರಳು ತೋಡಿದರೆ ಒರತೆ. ಇನ್ನೊಂದು ಮಾತು. ಅರಬ್ಬಿಯಲ್ಲಿ 'ಐನ್' ಅಂದರೆ ಕಣ್ಣೂ ಹೌದು, ಬುಗ್ಗೆಯೂ ಹೌದು. ನಮ್ಮಲ್ಲೂ ಬಾವಿ ತೋಡುವವರು ಜಲದ ಕಣ್ಣು ಅನ್ನುತ್ತಾರಲ್ಲವೇ?

ಸೌದಿಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಾಗಾಗಿ ನುಣುಪು ಜೇಕಿಗೆ ಬೇಕಾದ ಜಾಗ, ಅಂದರೆ ಸದಾ ಒದ್ದೆಯಾಗಿರುವ, ಬಿಸಿಲು ಬೀಳುವ, ಸ್ವಲ್ಪ ಉಪ್ಪಿರುವ ನೆಲ, ಬುಗ್ಗೆಗಳ ಅಂಚಿನಲ್ಲಿ, ಮಣ್ಣಿನ ಕಾಲುವೆಗಳ ಬದಿಯಲ್ಲಿ, ತೋಟದಿಂದ ಬಸಿದ ನೀರು ನಿಲ್ಲುವಲ್ಲಿ ಮಾತ್ರ ಸಿಗುತ್ತದೆ. ಉಪ್ಪಿಗೆ ಅದು ಹೆದರುವುದಿಲ್ಲ. ಮಣ್ಣಿನ ಮೇಲೆ ಬೆಳ್ಳಗೆ ಚೌಳು ಕಟ್ಟಿದ್ದರೂ ಬೆಳೆಯುತ್ತದೆ. ಕೀನ್ಯಾದ ಬೊಗೋರಿಯಾ ಸರೋವರದ ಬಿಸಿನೀರಿನ ಬುಗ್ಗೆಗಳ ಪಕ್ಕದಲ್ಲಿ, ಸೋಡಾ ತುಂಬಿದ ಮಣ್ಣಿನಲ್ಲಿ ಇರುವುದೂ ಇದೇ ಜಾತಿ. ಆದರೆ ಒಣಗಿದರೆ ಮುಗಿಯಿತು. ಎತ್ತರದ ಜೊಂಡು ಬೆಳೆದು ನೆರಳಾದ ಕಡೆಯೂ ಹುಡುಕಬೇಡಿ. ಜೊಂಡು ಮುಗಿದು ಒಣ ಚೌಳು ಶುರುವಾಗುವ ಮುಂಚೆ ಒಂದು ತೆಳು ಒದ್ದೆ ಪಟ್ಟಿ ಇರುತ್ತದಲ್ಲ, ಕೆಲವೊಮ್ಮೆ ಒಂದು ಹೆಜ್ಜೆಯಷ್ಟೇ ಅಗಲ, ಅಲ್ಲಿ ಬಗ್ಗಿ ನೋಡಿ.

ಹಾಗಾದರೆ ಇದು ಅಪರೂಪದ ಗಿಡವೇ? ಪ್ರಪಂಚದ ಲೆಕ್ಕದಲ್ಲಿ ಅಲ್ಲ. ಆಫ್ರಿಕಾದಿಂದ ಪೆಸಿಫಿಕ್ ದ್ವೀಪಗಳವರೆಗೆ ಇದೆ. ಈ ದೇಶದಲ್ಲಿ ಅಪರೂಪವಾಗಿರುವುದು ಅದರ ಮನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪಾಠದಲ್ಲಿ ಮುಖ್ಯವಾದದ್ದು ಇದೇ.

ಒಂದು ಕಾಲದಲ್ಲಿ ಅಲ್ ಅಹ್ಸಾದ ಬುಗ್ಗೆಗಳು ತಾವಾಗಿಯೇ ಉಕ್ಕುತ್ತಿದ್ದವು. ಉಮ್ಮ್ ಸಬಾ ಅನ್ನುವ ಬುಗ್ಗೆಗೆ ಆ ಹೆಸರು ಬಂದದ್ದೇ ನೀರು ಏಳು ಕವಲಾಗಿ ಹರಿಯುತ್ತಿದ್ದದ್ದರಿಂದ. ಮಣ್ಣಿನ ಕಾಲುವೆಗಳಲ್ಲಿ ನೀರು ತೋಟಕ್ಕೆ ಹೋಗುತ್ತಿತ್ತು, ಹೋಗುವಾಗ ದಾರಿಯುದ್ದಕ್ಕೂ ಸೋರುತ್ತಿತ್ತು. ಆಮೇಲೆ ಜನ ಹೆಚ್ಚಾದರು, ಕೊಳವೆಬಾವಿ ಹೆಚ್ಚಾದವು, ಭೂಮಿಯೊಳಗಿನ ನೀರು ಕೆಳಗಿಳಿಯಿತು. ಈ ನೀರು ಸಾವಿರಾರು ವರ್ಷಗಳ ಹಿಂದೆ, ಇಲ್ಲಿ ಮಳೆ ಜಾಸ್ತಿಯಿದ್ದ ಕಾಲದಲ್ಲಿ ಇಂಗಿದ್ದು. ತೆಗೆದಷ್ಟು ವೇಗವಾಗಿ ಮತ್ತೆ ತುಂಬುವುದಿಲ್ಲ. ಈಗ ಪಂಪು ಹಾಕಿ ನೀರೆತ್ತಬೇಕು. 1971ರಲ್ಲಿ ಒಂದು ದೊಡ್ಡ ನೀರಾವರಿ ಯೋಜನೆ ಮುಗಿದು ಕಾಂಕ್ರೀಟ್ ಕಾಲುವೆಗಳು ಬಂದವು. ಈಚೆಗೆ ಕೊಳವೆಯಲ್ಲಿ, ಶುದ್ಧೀಕರಿಸಿದ ಊರ ನೀರನ್ನೂ ತೋಟಕ್ಕೆ ಕೊಡುತ್ತಿದ್ದಾರೆ.

ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಖರ್ಜೂರದ ಮರಕ್ಕೆ ನೀರು ಉಳಿಸಲೇಬೇಕು. ಆದರೆ ರೈತನಿಗೆ ನಷ್ಟವಾಗಿದ್ದ ಆ ಸೋರಿಕೆಯೇ ಜೇಕಿಗೆ ಮನೆಯಾಗಿತ್ತು. ಕಾಂಕ್ರೀಟು ಸೋರುವುದಿಲ್ಲ. ಕೊಳವೆಗೆ ದಡವೇ ಇಲ್ಲ. ಯಾರೂ ಜೇಕನ್ನು ಕಡಿಯಲಿಲ್ಲ, ಸುಡಲಿಲ್ಲ. ಅದರ ಕೆಳಗಿನ ಒದ್ದೆಯನ್ನು ಮಾತ್ರ ಒರೆಸಿದರು. ಸೌದಿ ಸರ್ಕಾರ 2021ರಲ್ಲಿ 1,000 ಕೋಟಿ ಮರ ನೆಡುವ ಗುರಿ ಘೋಷಿಸಿತು, ಒಳ್ಳೆಯ ಕೆಲಸ. ಮರವನ್ನು ಎಣಿಸುವವರಿದ್ದಾರೆ. ಮೊಣಕಾಲೆತ್ತರದ, ಎಲೆಯೂ ಇಲ್ಲದ ಗಿಡವನ್ನು ಎಣಿಸಬೇಕಾದರೆ ಮೊದಲು ಅದನ್ನು ಗುರುತಿಸಬಲ್ಲವರು ಬೇಕು.

ಒದ್ದೆ ಪೂರ್ತಿ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೇ ದೇಶದಲ್ಲಿದೆ. ರಿಯಾದ್‌ನಿಂದ ಸುಮಾರು 300 ಕಿಲೋಮೀಟರ್ ದಕ್ಷಿಣಕ್ಕೆ, ಅಲ್ ಅಫ್ಲಾಜ್ ಪ್ರದೇಶದ ಲೈಲಾ ಊರಿನ ಹತ್ತಿರ ಕೆರೆಗಳಿದ್ದವು. ಮರುಭೂಮಿಯ ನಡುವೆ ಆಳವಾದ, ನೀಲಿ ನೀರಿನ ನಿಜವಾದ ಕೆರೆಗಳು. 1918ರಲ್ಲಿ ಆ ದಾರಿಯಲ್ಲಿ ಹೋದ ಬ್ರಿಟಿಷ್ ಪ್ರವಾಸಿ ಫಿಲ್ಬಿ ಅವುಗಳ ಬಗ್ಗೆ ಬರೆದಿದ್ದಾರೆ. 1980ರ ದಶಕದಲ್ಲೂ ನೀರಿತ್ತು. ಸುತ್ತಲಿನ ಬೇಸಾಯಕ್ಕೆ ನೀರೆತ್ತಿದ ಹಾಗೆ ಮಟ್ಟ ಇಳಿಯುತ್ತಾ ಬಂದು 1990ರ ದಶಕದ ಹೊತ್ತಿಗೆ ಬತ್ತಿಹೋದವು. ಈಗ ಅಲ್ಲಿ ಬೆಳ್ಳಗಿನ ಜಿಪ್ಸಮ್ ಗೋಡೆಗಳ ದೊಡ್ಡ ಗುಂಡಿಗಳಿವೆ.

ಮರಳಿನ ಜೇಕು, ಕಾಗದದ ಜೇಕು, ರಾಜನ ಚಾಪೆ

ಎಲ್ಲ ಜೇಕಿಗೂ ನೀರಿನ ದಡವೇ ಬೇಕು ಅಂತಲ್ಲ. ಸೈಪೆರಸ್ ಕಾಂಗ್ಲೊಮೆರೇಟಸ್ ಅನ್ನುವುದು ಒಣ ಮರಳಿನಲ್ಲೇ, ರುಬ್ ಅಲ್ ಖಾಲಿಯ ದಿಬ್ಬಗಳ ಮೇಲೂ ಬೆಳೆಯುತ್ತದೆ. ಬೆದುವಿನ್ ಜನ ಥಂದಾ ಅನ್ನುತ್ತಾರೆ, ಒಂಟೆಗೆ ಮೇವು. ಬೇರಿನ ಸುತ್ತ ಮರಳಿನ ಕಣಗಳು ಅಂಟಿಕೊಂಡು ಕಾಲುಚೀಲ ಹಾಕಿದ ಹಾಗಿರುತ್ತದೆ. ಅದು ಬೇರನ್ನು ಬಿಸಿಯಿಂದ, ಒಣಗುವುದರಿಂದ ಕಾಯುತ್ತದೆ. ಪಿಕ್ನಿಕ್‌ಗೆ ಮರಳುಗಾಡಿಗೆ ಹೋದಾಗ ಗಾಳಿಗೆ ಬೇರು ಹೊರಬಿದ್ದಿದ್ದರೆ ಗಮನಿಸಿ.

ಕೆಂಪು ಸಮುದ್ರದ ಆಚೆ ಈಜಿಪ್ಟಿನಲ್ಲಿ ಪ್ರಪಂಚಕ್ಕೆಲ್ಲ ಗೊತ್ತಿರುವ ಜೇಕು ಇತ್ತು. ಪಪೈರಸ್. ಪೇಪರ್ ಅನ್ನುವ ಮಾತು ಹುಟ್ಟಿದ್ದು ಅದರಿಂದ. ಆಳೆತ್ತರಕ್ಕಿಂತ ಉದ್ದ, ಮೂರು ಮೂಲೆಯ ದಂಟು. ಫೇರೋಗಳ ಕಾಲದಲ್ಲಿ ನೈಲ್ ನದಿಯ ಜೌಗಿನಲ್ಲಿ ತುಂಬಿದ್ದ ಈ ಗಿಡ ಕಾಡಿನಲ್ಲಿ ಕಾಣೆಯಾಗಿಯೇ ಹೋಯಿತು ಅಂತ ತಿಳಿದಿದ್ದರು. 1968ರಲ್ಲಿ ವಾದಿ ನತ್ರೂನ್‌ನ ಉಮ್ಮ್ ರೀಶಾ ಸರೋವರದ ಹತ್ತಿರ ಈಜಿಪ್ಟಿನ ಸಸ್ಯವಿಜ್ಞಾನಿ ಅಲ್ ಹದೀದಿ ಅವರಿಗೆ ಕೆಲವೇ ಗಿಡಗಳು ಸಿಕ್ಕವು. ಸಿಕ್ಕಿದ್ದು ಯಾಕೆ? ಜೊಂಡಿನ ನಡುವೆ ನಿಂತಿದ್ದನ್ನು ಜೊಂಡಲ್ಲ ಅಂತ ನೋಡಿದವರಿದ್ದರು.

ನಮ್ಮ ನುಣುಪು ಜೇಕಿಗೂ ಒಂದು ರಾಜನ ಕಥೆಯಿದೆ. ಪೆಸಿಫಿಕ್ ಸಾಗರದ ಹವಾಯಿಯಲ್ಲಿ ಇದೇ ಗಿಡದ ಹೆಸರು ಮಕಲೋವಾ. ಅಲ್ಲಿನ ನೀಹಾವ್ ಎಂಬ ಚಿಕ್ಕ ದ್ವೀಪದ ಹೆಂಗಸರು ಅದರಿಂದ ಬಹಳ ನಯವಾದ ಚಾಪೆ ಹೆಣೆಯುತ್ತಿದ್ದರು. 1874ರಲ್ಲಿ ಅಲ್ಲಿಂದ ರಾಜ ಕಲಾಕಾವಾನಿಗೆ ಒಂದು ಚಾಪೆ ಹೋಯಿತು. ಸಾಕುಪ್ರಾಣಿಗಳ ಮೇಲಿನ ತೆರಿಗೆ ತೆಗೆಯಿರಿ ಅನ್ನುವ ಮನವಿಯನ್ನು ಕಾಗದದಲ್ಲಿ ಬರೆಯದೆ, ಚಾಪೆಯಲ್ಲೇ ಅಕ್ಷರ ಅಕ್ಷರವಾಗಿ ಹೆಣೆದಿದ್ದರು! ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಅದು ಈಗಲೂ ಇದೆ.

ಚಳಿಗಾಲದ ಕೆಲಸ

ನವೆಂಬರ್‌ನಿಂದ ಫೆಬ್ರವರಿಯೊಳಗೆ ಒಂದು ಶುಕ್ರವಾರವೋ ಶನಿವಾರವೋ ಅಲ್ ಅಹ್ಸಾಕ್ಕೆ ಹೋಗುವವರು ಇದನ್ನು ಮಾಡಬಹುದು. ರಿಯಾದ್‌ನಲ್ಲಿರುವ ಸೋದರಸಂಬಂಧಿಗಳಿಗೆ ವಾದಿ ಹನೀಫಾದ ಒದ್ದೆ ದಡಗಳನ್ನು ನೋಡಲು ಹೇಳಿ. ಅಲ್ಲೂ ಜೊಂಡು ಧಾರಾಳ, ಅದರ ಕೆಳಗೆ ಬಗ್ಗಿ ನೋಡುವವರು ಕಡಿಮೆ.

ತಂದೆತಾಯಿಗಳಿಗೆ ಎರಡು ಮಾತು. ಮಜ್ರಾದೊಳಗೆ ಹೋಗುವ ಮುಂಚೆ ಮಾಲೀಕರನ್ನು ಕೇಳಿ. ಕೇಳಿದರೆ ಬೇಡ ಅನ್ನುವುದು ಅಪರೂಪ, ಬದಲಿಗೆ ಖರ್ಜೂರ, ಕಹವಾ ಕೊಟ್ಟು ಕೂರಿಸುತ್ತಾರೆ. ಕಾಲುವೆ, ಹೊಂಡಗಳ ಅಂಚು ಜಾರುತ್ತದೆ, ಚಿಕ್ಕ ಮಕ್ಕಳ ಕೈ ಬಿಡಬೇಡಿ. ಚೌಳು ನೆಲ ನೋಡಲು ಗಟ್ಟಿ, ಕಾಲಿಟ್ಟರೆ ಕುಸಿಯುತ್ತದೆ. ಕಾರನ್ನಂತೂ ಇಳಿಸಲೇಬೇಡಿ.

ಗಿಡ ಕೀಳಬೇಡಿ. ಸೌದಿಯ ಪರಿಸರ ಕಾನೂನಿನಲ್ಲಿ ಅನುಮತಿಯಿಲ್ಲದೆ ಕಾಡುಗಿಡ ಕಿತ್ತರೆ ದಂಡವಿದೆ. ಅದು ಇಲ್ಲದಿದ್ದರೂ ಒಂದು ಹೆಜ್ಜೆಯಗಲದ ಪಟ್ಟಿಯಿಂದ ಒಂದು ಹಿಡಿ ಕಿತ್ತರೆ ಉಳಿಯುವುದೆಷ್ಟು? ನಾಲ್ಕು ಫೋಟೋ ಸಾಕು. ಬುಡದ ಹೊದಿಕೆ, ದಂಟಿನ ನಡುಭಾಗ ಬೆರಳಿನ ಪಕ್ಕದಲ್ಲಿ, ಹೂಗೊಂಚಲು ಹತ್ತಿರದಿಂದ, ಮತ್ತೆ ಹತ್ತು ಹೆಜ್ಜೆ ಹಿಂದೆ ನಿಂತು ಇಡೀ ಜಾಗ. ನೋಟ್ ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯಿರಿ: ತಾರೀಕು, ಜಾಗ, ನೀರು ಹರಿಯುತ್ತಿತ್ತೋ ನಿಂತಿತ್ತೋ, ಮಣ್ಣಿನ ಮೇಲೆ ಉಪ್ಪಿತ್ತೋ, ಪಕ್ಕದಲ್ಲಿ ಬೇರೆ ಯಾವ ಗಿಡ, ಒದ್ದೆ ಪಟ್ಟಿ ಎಷ್ಟು ಹೆಜ್ಜೆ ಅಗಲ. ಹೆಜ್ಜೆ ಎಣಿಸಿದವರ ಹೆಸರೂ ಇರಲಿ, ಯಾಕೆಂದರೆ ಅಣ್ಣನ ಹೆಜ್ಜೆ ಬೇರೆ, ತಂಗಿಯ ಹೆಜ್ಜೆ ಬೇರೆ.

ಏನೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ, ಜಾಗ, ತಾರೀಕು ಹಾಕಿ. ಮುಂದಿನ ವರ್ಷ ಅದೇ ಕಾಲುವೆಯ ಅದೇ ತಿರುವಿಗೆ ಹೋಗುವ ಇನ್ನೊಂದು ಮಗುವಿಗೆ ಆ ಸಾಲು ಬೇಕಾಗುತ್ತದೆ.